ಸೇತುವೆ ನೋಡಬೇಕಾದರೆ ಕೆಳಗಿಳಿಯಿರಿ

ಹಳೆಯ ಕಲ್ಲಿನ ಸೇತುವೆ ನೋಡಲು ಹೋದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ನಡುವೆ ನಿಂತು ಬಗ್ಗಿ ನೀರು ನೋಡುತ್ತಾರೆ. ಒಂದೆರಡು ಫೋಟೊ ತೆಗೆದು ಹೊರಟುಬಿಡುತ್ತಾರೆ. ನಾನೂ ಬಹಳ ವರ್ಷ ಹಾಗೇ ಮಾಡಿದ್ದೆ. ಒಂದು ಸಲ ಬಿಸಿಲು ತಾಳಲಾರದೆ, ನೆರಳಿಗೆಂದು ಹಳ್ಳಿಗಾಡಿನ ಒಂದು ಸೇತುವೆಯ ಕಮಾನಿನ ಕೆಳಗೆ ಇಳಿದು ಕೂತೆ. ಹೊಳೆ ಸೊರಗಿತ್ತು. ತಣ್ಣಗಿತ್ತು. ತಲೆ ಎತ್ತಿ ನೋಡಿದೆ.

ನೆತ್ತಿಯ ಮೇಲೆ ಟನ್‌ಗಟ್ಟಲೆ ಕಲ್ಲು. ಕೆಳಗೆ ಒಂದು ಆಸರೆ ಇಲ್ಲ. ಕಬ್ಬಿಣದ ಪಟ್ಟಿ ಇಲ್ಲ. ಸಂದುಗಳಲ್ಲಿದ್ದ ಗಾರೆಯನ್ನು ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರಿತು. ಈ ಗಾರೆಯಂತೂ ಇಷ್ಟು ಭಾರವನ್ನು ಅಂಟಿಸಿ ಹಿಡಿದಿರಲಾರದು, ಅಲ್ವಾ? ಹಾಗಾದರೆ ನನ್ನ ತಲೆಯ ಮೇಲಿನ ಕಲ್ಲು ಬೀಳದಂತೆ ತಡೆದಿರುವುದು ಏನು? ಆ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಯಾವ ಸೇತುವೆಗೆ ಹೋದರೂ ಮೊದಲು ಕೆಳಗಿಳಿಯುವುದೇ ನನಗೆ ರೂಢಿಯಾಗಿದೆ.

ಕಲ್ಲಿಗೆ ಒಂದು ದೊಡ್ಡ ಬಲವಿದೆ, ಒಂದು ದೊಡ್ಡ ದೌರ್ಬಲ್ಯವೂ ಇದೆ. ಒತ್ತಿದರೆ ಅದು ಜಗ್ಗುವುದಿಲ್ಲ. ಒಳ್ಳೆಯ ಮರಳುಗಲ್ಲನ್ನು ಒಂದರ ಮೇಲೊಂದು ಇಟ್ಟು ಗೋಪುರ ಕಟ್ಟುತ್ತಾ ಹೋದಿರಿ ಅನ್ನಿ. ಎಲ್ಲಕ್ಕಿಂತ ಕೆಳಗಿನ ಕಲ್ಲು ಮೇಲಿನ ಭಾರಕ್ಕೆ ನಜ್ಜುಗುಜ್ಜಾಗಬೇಕಾದರೆ ಗೋಪುರ ಸುಮಾರು 2 ಕಿಲೋಮೀಟರ್ ಎತ್ತರಕ್ಕೆ ಏಳಬೇಕು. ಆದರೆ ಅದೇ ಕಲ್ಲನ್ನು ಎಳೆದರೆ ಕತೆಯೇ ಬೇರೆ. ಒತ್ತಡ ತಡೆಯುವ ಶಕ್ತಿಯ ಹತ್ತರಲ್ಲಿ ಒಂದು ಪಾಲಿನಷ್ಟು ಎಳೆತವನ್ನೂ ಎಷ್ಟೋ ಕಲ್ಲುಗಳು ತಡೆಯಲಾರವು. ಕಣ್ಣಿಗೆ ಕಾಣದ ಒಂದು ಸೀಳು ಒಳಗಿದ್ದರೆ ಸಾಕು, ಎಳೆದಾಗ ಅದು ಬಾಯಿ ಬಿಡುತ್ತಾ ಹೋಗುತ್ತದೆ. ಒತ್ತಿದಾಗ ಅದೇ ಸೀಳು ಮುಚ್ಚಿಕೊಳ್ಳುತ್ತದೆ.

ಇದನ್ನು ನೋಡಲು ಒಂದು ರಬ್ಬರ್ ಸಾಕು, ಪೆನ್ಸಿಲ್ ಬರಹ ಅಳಿಸುವಂಥದ್ದು. ಅದರ ಅಡಿಯಲ್ಲಿ ಬ್ಲೇಡಿನಿಂದ ಸಣ್ಣ ಗೀಟು ಕೊಯ್ದು, ಎರಡು ತುದಿಗಳನ್ನು ಹಿಡಿದು ನಡುವೆ ಕೆಳಕ್ಕೆ ಬಾಗಿಸಿ. ಗೀಟು ಬಾಯಿ ತೆರೆಯುತ್ತದೆ. ಹೊಳೆಗೆ ಅಡ್ಡ ಹಾಕಿದ ಕಲ್ಲಿನ ತೊಲೆಯ ಅಡಿಯಲ್ಲೂ ಆಗುವುದು ಇದೇ. ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಎಳೆಯಲ್ಪಡುತ್ತದೆ. ಹಾಗಾಗಿ ಬರೀ ಚಪ್ಪಡಿ ಹಾಸಿ ಕಟ್ಟಿದ ಸೇತುವೆಗಳಲ್ಲಿ ಒಂದೊಂದು ಅಂಕಣವೂ ಚಿಕ್ಕದು. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನ ಪೋಸ್ಟ್‌ಬ್ರಿಜ್ ಎಂಬಲ್ಲಿ ಇಂಥ ಹಳೆಯ ಸೇತುವೆ ಇದೆ. ಅದರ ಗ್ರಾನೈಟ್ ಚಪ್ಪಡಿಗಳು 4 ಮೀಟರಿಗೂ ಉದ್ದ, ಒಂದೊಂದೂ 8 ಟನ್‌ಗಿಂತ ಜಾಸ್ತಿ ತೂಕ. ಪಕ್ಕದ ಎಕ್ಸ್‌ಮೂರ್‌ನಲ್ಲಿ ಟಾರ್ ಸ್ಟೆಪ್ಸ್ ಎಂಬ ಇನ್ನೊಂದು ಚಪ್ಪಡಿ ಸೇತುವೆ ಇದೆ, 17 ಅಂಕಣಗಳದ್ದು. ನೆರೆ ಬಂದಾಗ ಅದರ ಚಪ್ಪಡಿಗಳು ಕೊಚ್ಚಿ ಹೋಗುತ್ತವೆ. ಅದಕ್ಕೇ ಅವುಗಳಿಗೆ ನಂಬರ್ ಹಾಕಿದ್ದಾರೆ. ನೀರು ಇಳಿದ ಮೇಲೆ ಹುಡುಕಿ ತಂದು ಅದದರ ಜಾಗಕ್ಕೆ ಜೋಡಿಸುತ್ತಾರೆ. ಸೇತುವೆ ಕಾಪಾಡುವ ಇಷ್ಟು ಸರಳ ಉಪಾಯವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅಗಲದ ಹೊಳೆಗೆ ಚಪ್ಪಡಿ ಸಾಲದು. ಕಲ್ಲನ್ನು ಎಲ್ಲೂ ಎಳೆಯದೆ, ಬರೀ ಒತ್ತುತ್ತಲೇ ಹೊಳೆ ದಾಟಿಸಬೇಕು. ಕಮಾನಿನ ಕೆಲಸ ಇಷ್ಟೇ.

ಹತ್ತು ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಎರಡೂ ಕಡೆಯಿಂದ ಅಂಗೈಯಿಂದ ಬಲವಾಗಿ ಒತ್ತಿ ಹಾಗೇ ಮೇಲಕ್ಕೆತ್ತಿ. ಇಡೀ ಸಾಲು ಎದ್ದು ಬರುತ್ತದೆ. ನಡುವಿನ ಪುಸ್ತಕಗಳನ್ನು ಯಾರೂ ಹಿಡಿದಿಲ್ಲ, ಅಂಟೂ ಇಲ್ಲ. ಆದರೂ ಬೀಳುವುದಿಲ್ಲ. ಪಕ್ಕದಿಂದ ಬಂದ ಒತ್ತಡವೇ ಅವನ್ನು ಒಂದಕ್ಕೊಂದು ಕಚ್ಚಿ ಹಿಡಿಸುತ್ತದೆ. ಕೈ ಸ್ವಲ್ಪ ಸಡಿಲ ಬಿಟ್ಟಿರೋ, ನಡುವಿನವು ಮೊದಲು ಜಾರುತ್ತವೆ. ಕಮಾನಿನಲ್ಲಿ ನಿಮ್ಮ ಎರಡು ಕೈಗಳ ಕೆಲಸವನ್ನು ಎರಡು ದಡಗಳು ಮಾಡುತ್ತವೆ. ಕಲ್ಲುಗಳನ್ನು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುವಂತೆ ಬೆಣೆಯ ಹಾಗೆ ಕಡೆದಿರುತ್ತಾರೆ. ಪ್ರತಿ ಕಲ್ಲೂ ಕೆಳಗೆ ಬೀಳಲು ಹೊರಡುತ್ತದೆ, ಆದರೆ ಅಕ್ಕಪಕ್ಕದ ಕಲ್ಲುಗಳನ್ನು ಬದಿಗೆ ಸರಿಸದೆ ಬೀಳಲಾರದು. ಅವು ತಮ್ಮ ಪಕ್ಕದವನ್ನು ಒತ್ತುತ್ತವೆ. ಹೀಗೆ ಕೈಯಿಂದ ಕೈಗೆ ದಾಟಿ ಭಾರ ದಡ ಸೇರುತ್ತದೆ. ದಡ ಗಟ್ಟಿಯಾಗಿರಬೇಕು, ಅಷ್ಟೆ. ಕಮಾನು ಚಪ್ಪಟೆಯಾದಷ್ಟೂ ದಡವನ್ನು ಪಕ್ಕಕ್ಕೆ ನೂಕುವುದು ಜಾಸ್ತಿ.

ಕಮಾನಿನ ನೆತ್ತಿಯಲ್ಲಿರುವ ಒಂದು ಕಲ್ಲಿಗೆ ಕೀಲಿಗಲ್ಲು ಅಂತ ಹೆಸರಿಟ್ಟು, ಸೇತುವೆಯೆಲ್ಲ ಅದೊಂದರ ಮೇಲೇ ನಿಂತಿದೆ ಎಂದು ಹೇಳುವುದುಂಟು. ಪಾಪ, ಆ ಕಲ್ಲಿಗೆ ಅಷ್ಟು ದೊಡ್ಡ ಜವಾಬ್ದಾರಿ ಏನೂ ಇಲ್ಲ. ಬೆಣೆಗಲ್ಲುಗಳಲ್ಲಿ ಯಾವುದನ್ನು ತೆಗೆದರೂ ಸಾಲು ಕುಸಿಯುತ್ತದೆ. ನೆತ್ತಿಯ ಕಲ್ಲಿನ ವಿಶೇಷ ಇಷ್ಟೇ: ಅದನ್ನು ಕೊನೆಯಲ್ಲಿ ಕೂರಿಸುತ್ತಾರೆ. ಅದು ಕೂರುವವರೆಗೆ ಮಿಕ್ಕ ಕಲ್ಲುಗಳೆಲ್ಲ ಮರದ ಸೆಂಟ್ರಿಂಗ್ ಮೇಲೆ ಮಲಗಿರುತ್ತವೆ. ಅದು ಕೂತ ಮೇಲೆ ಸೆಂಟ್ರಿಂಗನ್ನು ನಿಧಾನಕ್ಕೆ ಇಳಿಸುತ್ತಾರೆ. ಇಳಿಸಿದಾಗ ಕಮಾನು ಒಂದಿಷ್ಟು ಕುಗ್ಗಿ, ಕಲ್ಲುಗಳು ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಹಳೆಯ ಸೇತುವೆಗಳ ಕೆಳಗೆ ಹೋದಾಗ ಕಮಾನು ಶುರುವಾಗುವ ಮಟ್ಟದಲ್ಲಿ ನೋಡಿ. ಹೊರಕ್ಕೆ ಚಾಚಿದ ಕಲ್ಲುಗಳೋ ಚೌಕನೆಯ ಗುಂಡಿಗಳೋ ಕಾಣಬಹುದು. ಮರದ ಚೌಕಟ್ಟನ್ನು ಕೂರಿಸಿದ್ದು ಅಲ್ಲೇ. ಫ್ರಾನ್ಸಿನ ಪೋನ್ ದು ಗಾರ್ ಎಂಬ ರೋಮನ್ ಕಟ್ಟಡದಲ್ಲಿ ಇಂಥ ಚಾಚುಗಲ್ಲುಗಳು ಇವತ್ತಿಗೂ ಹಾಗೇ ಇವೆ. ನೀರು ಸಾಗಿಸಲು 1ನೇ ಶತಮಾನದಲ್ಲಿ ಕಟ್ಟಿದ ಅದು ಸುಮಾರು 49 ಮೀಟರ್ ಎತ್ತರವಿದೆ. ಅದರ ದೊಡ್ಡ ಕಮಾನುಗಳ ಕಲ್ಲುಗಳ ನಡುವೆ ಗಾರೆಯೇ ಇಲ್ಲ. ನಾನು ಉಗುರಿನಿಂದ ಕೆರೆದ ಪುಡಿ ಗಾರೆಯ ಮೇಲೆ ಸೇತುವೆ ನಿಂತಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಕಮಾನಿನ ಆಕಾರ ಹೇಗಿರಬೇಕು? ಇದಕ್ಕೆ ಉತ್ತರ ಕೊಟ್ಟವನು ರಾಬರ್ಟ್ ಹುಕ್. ಸ್ಪ್ರಿಂಗಿನ ನಿಯಮಕ್ಕೆ ಹೆಸರಾದ ಅದೇ ಹುಕ್. 1675ರಲ್ಲಿ ಆತ ಉತ್ತರವನ್ನು ಅಕ್ಷರಗಳ ಕಲಸುಮೇಲೋಗರ ಮಾಡಿ ಅಚ್ಚು ಹಾಕಿಸಿದ. ಬೇರೆಯವರು ಕದಿಯಬಾರದು, ಆದರೆ ಮೊದಲು ಕಂಡುಕೊಂಡವನು ತಾನೇ ಎಂದು ದಾಖಲೆಯೂ ಆಗಬೇಕು. ಆಗಿನ ಕಾಲದ ಜಾಣತನ ಅದು. ಹುಕ್ 1703ರಲ್ಲಿ ತೀರಿಕೊಂಡ. ಒಗಟು ಬಿಡಿಸಿದ ಲ್ಯಾಟಿನ್ ಸಾಲು ಅಚ್ಚಾದದ್ದು 1705ರಲ್ಲಿ. ಅದರ ಸಾರ ಇಷ್ಟು: ಸರಪಳಿ ಹೇಗೆ ತೂಗುತ್ತದೋ, ಅದನ್ನೇ ತಲೆಕೆಳಗು ಮಾಡಿದರೆ ಕಮಾನು ಹಾಗೆ ನಿಲ್ಲುತ್ತದೆ.

ಒಂದು ಸರಪಳಿಯ ಎರಡು ತುದಿ ಹಿಡಿದು ತೂಗಿಬಿಡಿ. ಸರಪಳಿಗೆ ಒತ್ತುವುದು ಗೊತ್ತೇ ಇಲ್ಲ, ಅದರಲ್ಲಿರುವುದೆಲ್ಲ ಎಳೆತ. ಈಗ ಆ ಆಕಾರವನ್ನು ಹಾಗೇ ಗಟ್ಟಿ ಮಾಡಿ ಬೋರಲು ಹಾಕಿದರೆ ಎಳೆತವೆಲ್ಲ ಒತ್ತಡವಾಗಿಬಿಡುತ್ತದೆ. ಕಲ್ಲಿಗೆ ಬೇಕಾದದ್ದೂ ಅದೇ. ಸರಿ, ಆದರೆ ರೋಮನ್ನರು ಕಟ್ಟಿದ್ದು ಅರ್ಧ ವೃತ್ತದ ಕಮಾನುಗಳನ್ನಲ್ಲವೇ? ತೂಗುವ ಸರಪಳಿ ಅರ್ಧ ವೃತ್ತವಾಗಿ ನಿಲ್ಲುವುದಿಲ್ಲ. ಹೌದು. ಆದರೆ ಕಮಾನು ಸರಪಳಿಯಷ್ಟು ತೆಳ್ಳಗಿಲ್ಲ, ಅದಕ್ಕೆ ದಪ್ಪವಿದೆ. ಬೋರಲಾದ ಸರಪಳಿಯ ಗೆರೆ ಕಲ್ಲಿನ ದಪ್ಪದೊಳಗೆ ಎಲ್ಲೋ ಒಂದು ಕಡೆ ಹಾದುಹೋದರೆ ಸಾಕು. ಮೇಲೆ ಏನೂ ಹೇರದ ಅರ್ಧ ವೃತ್ತದ ಕಮಾನು ತನ್ನ ತೂಕದಲ್ಲಿ ತಾನು ನಿಲ್ಲಬೇಕಾದರೆ, ದಪ್ಪ ಅದರ ತ್ರಿಜ್ಯದ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಹಳೆಯ ಮೇಸ್ತ್ರಿಗಳಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಬಿದ್ದದ್ದನ್ನು ನೋಡಿ ಕಲಿತಿದ್ದರು.

ಬಿದ್ದು ಕಲಿತ ಕತೆಗಳಲ್ಲಿ ನನಗೆ ಇಷ್ಟವಾದದ್ದು ವೇಲ್ಸ್ ನಾಡಿನ ವಿಲಿಯಂ ಎಡ್ವರ್ಡ್ಸ್‌ನದು. ತಾನೇ ಕಲಿತ ಕಲ್ಲುಕೆಲಸದವನು, ಜೊತೆಗೆ ಚರ್ಚಿನಲ್ಲಿ ಉಪದೇಶ ಮಾಡುವವನು. 1746ರಲ್ಲಿ, ಇನ್ನೂ 27ರ ಹರೆಯದಲ್ಲಿ, ಟ್ಯಾಫ್ ನದಿಗೆ ಸೇತುವೆ ಕಟ್ಟುವ ಕೆಲಸ ಒಪ್ಪಿಕೊಂಡ. ಸೇತುವೆ ಏಳು ವರ್ಷ ನಿಲ್ಲುತ್ತದೆ ಎಂದು ಮಾತೂ ಕೊಟ್ಟ. ಮೊದಲ ಸೇತುವೆಗೆ ನದಿಯ ನಡುವೆ ಕಂಬಗಳಿದ್ದವು. ಎರಡೇ ವರ್ಷಕ್ಕೆ ನೆರೆ ಬಂತು. ಮರಮಟ್ಟು ಬಂದು ಕಂಬಗಳಿಗೆ ಅಡ್ಡ ಸಿಕ್ಕಿಕೊಂಡಿತು. ಹಿಂದೆ ನೀರು ಕಟ್ಟಿಕೊಂಡು ಸೇತುವೆಯನ್ನೇ ಎತ್ತಿಕೊಂಡು ಹೋಯಿತು. ಕಂಬವೇ ಬೇಡ, ದಡದಿಂದ ದಡಕ್ಕೆ ಒಂದೇ ಕಮಾನು ಹಾಕುತ್ತೇನೆ ಎಂದು ಹೊರಟ. 140 ಅಡಿ, ಅಂದರೆ ಸುಮಾರು 43 ಮೀಟರ್. ಈ ಸಲ ಕೆಲಸ ಮುಗಿಯುವ ಮೊದಲೇ ನೆರೆ ಬಂದು ಸೆಂಟ್ರಿಂಗನ್ನು ಕೊಚ್ಚಿಕೊಂಡು ಹೋಯಿತು. ಮೂರನೆಯ ಸಲ ಕಮಾನು ಪೂರ್ತಿಯಾಯಿತು. ಸ್ವಲ್ಪ ಕಾಲ ನಿಂತಿತು ಕೂಡ. ಆಮೇಲೆ ನಡೆದದ್ದು ವಿಚಿತ್ರ. ಅದರ ನೆತ್ತಿ ಕೆಳಕ್ಕೆ ಕುಸಿಯಲಿಲ್ಲ, ಮೇಲಕ್ಕೆ ಚಿಮ್ಮಿತು!

ಇದು ಹೇಗೆ ಸಾಧ್ಯ? ಮತ್ತೆ ಸರಪಳಿಗೆ ಹೋಗೋಣ. ತೂಗುವ ಸರಪಳಿಯ ಎರಡೂ ಪಕ್ಕಗಳಿಗೆ ಭಾರದ ತೂಕ ಕಟ್ಟಿ, ನಡುವೆ ಏನೂ ಕಟ್ಟಬೇಡಿ. ಪಕ್ಕಗಳು ಕೆಳಗೆ ಇಳಿಯುತ್ತವೆ, ನಡುಭಾಗ ಮೇಲಕ್ಕೆ ಏಳುತ್ತದೆ. ಕಮಾನು ಇದರ ತಲೆಕೆಳಗು. ಹಾಗಾಗಿ ಹೆಗಲು, ಅಂದರೆ ಬುಡಕ್ಕೂ ನೆತ್ತಿಗೂ ನಡುವಿನ ಭಾಗ, ಭಾರವಾಗಿ ನೆತ್ತಿ ಹಗುರವಾದರೆ ಒತ್ತಡದ ಗೆರೆ (ಬೋರಲಾದ ಸರಪಳಿಯ ಗೆರೆ ಎಂದೆನಲ್ಲ, ಅದೇ) ಹೆಗಲಿನ ಹತ್ತಿರ ಕಲ್ಲಿನ ಹೊರಮೈಯತ್ತ ಉಬ್ಬುತ್ತದೆ, ನೆತ್ತಿಯಲ್ಲಿ ಕೆಳಕ್ಕೆ ಜಾರುತ್ತದೆ. ಕಲ್ಲಿನ ದಪ್ಪದೊಳಗೆ ಆ ಗೆರೆಗೆ ಜಾಗ ಸಿಗದೇ ಹೋದರೆ ಹೆಗಲು ಒಳಕ್ಕೆ ಕುಸಿಯುತ್ತದೆ, ನೆತ್ತಿ ಮೇಲಕ್ಕೆ ಒದೆಯಲ್ಪಡುತ್ತದೆ. ಎಡ್ವರ್ಡ್ಸ್‌ನ ಸೇತುವೆಯ ಹೆಗಲಿನಲ್ಲಿ ತುಂಬಿದ ಕಲ್ಲುಮಣ್ಣು ಅತಿಯಾಗಿತ್ತು, ನೆತ್ತಿ ತೆಳ್ಳಗಿತ್ತು. ನಾಲ್ಕನೆಯ ಸಲ ಅವನು ಎರಡೂ ಹೆಗಲುಗಳಲ್ಲಿ ಮೂರು ಮೂರು ದುಂಡನೆಯ ತೂತು ಬಿಟ್ಟ. ದೊಡ್ಡದು 9 ಅಡಿ ಅಗಲ, ಆಮೇಲೆ 6, ಆಮೇಲೆ 3. ತೂಕ ಇಳಿಯಿತು. 1756ರಲ್ಲಿ ಮುಗಿದ ಆ ಸೇತುವೆ ಪಾಂಟಿಪ್ರಿಡ್ ಊರಿನಲ್ಲಿ ಇವತ್ತಿಗೂ ನಿಂತಿದೆ. ಒಂದೇ ದೂರು: ಬೆನ್ನು ತುಂಬಾ ಕಡಿದು, ಗಾಡಿ ಹತ್ತಿಸುವುದು ಕಷ್ಟ. ಕೊನೆಗೆ 1857ರಲ್ಲಿ ಪಕ್ಕದಲ್ಲೇ ಇನ್ನೊಂದು ಸೇತುವೆ ಕಟ್ಟಬೇಕಾಯಿತು. ತೂತುಗಳು ಮಾತ್ರ ಎಷ್ಟು ಚೆಂದ ಕಾಣುತ್ತವೆ ಎಂದರೆ, ನೋಡಿದವರು ಅವನ್ನು ಅಲಂಕಾರ ಎಂದುಕೊಳ್ಳುತ್ತಾರೆ.

ಇಷ್ಟು ಪಾಡುಪಟ್ಟು ಎಡ್ವರ್ಡ್ಸ್ ಕಲಿತ ಉಪಾಯ ಚೀನಾದಲ್ಲಿ ಸಾವಿರ ವರ್ಷಕ್ಕೂ ಹಳೆಯದಾಗಿತ್ತು. ಹೆಬೇ ಪ್ರಾಂತ್ಯದ ಆನ್‌ಜಿ ಸೇತುವೆಯನ್ನು ಲಿ ಚುನ್ ಎಂಬವನು ಕ್ರಿ.ಶ. 605ರ ಸುಮಾರಿಗೆ ಮುಗಿಸಿದ. ಸುಮಾರು 37 ಮೀಟರಿನ ಒಂದೇ ಕಮಾನು. ನೆತ್ತಿಯ ಎತ್ತರ ಬರೀ 7 ಮೀಟರಿನಷ್ಟು. ಅಷ್ಟು ಚಪ್ಪಟೆ! ಬೆನ್ನು ಕಡಿದಾಗದೆ ಗಾಡಿ ಸಲೀಸಾಗಿ ಹೋಗಲಿ ಎಂದು ಹಾಗೆ ಮಾಡಿದ್ದು. ಎರಡೂ ಹೆಗಲುಗಳಲ್ಲಿ ಎರಡೆರಡು ಪುಟ್ಟ ಕಮಾನುಗಳು. ಅವು ತೂಕವನ್ನೂ ಇಳಿಸಿದವು, ನೆರೆ ಬಂದಾಗ ನೀರಿಗೆ ದಾರಿಯನ್ನೂ ಬಿಟ್ಟವು. ಅದೂ ಇವತ್ತಿಗೂ ಇದೆ.

ಹಾಗಾದರೆ ತೂಕ ಸೇತುವೆಯ ಶತ್ರುವೇ? ಇಲ್ಲೇ ನಾವು ಎಡವುವುದು. ತಪ್ಪು ಜಾಗದಲ್ಲಿದ್ದ ತೂಕ ಎಡ್ವರ್ಡ್ಸ್‌ನ ಸೇತುವೆಯನ್ನು ಕೆಡವಿತು, ನಿಜ. ಸರಿಯಾದ ಜಾಗದಲ್ಲಿದ್ದರೆ ತೂಕದಷ್ಟು ಆಪ್ತ ಗೆಳೆಯ ಕಮಾನಿಗೆ ಇನ್ನೊಬ್ಬನಿಲ್ಲ. ಒಂದು ನೂಲಿನ ನಡುವೆ ಗುಬ್ಬಿ ಕೂತರೆ ನೂಲು ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಜಗ್ಗಿಹೋಗುತ್ತದೆ. ದಪ್ಪನೆಯ ಕಬ್ಬಿಣದ ಸರಪಳಿಯ ಮೇಲೆ ಅದೇ ಗುಬ್ಬಿ ಕೂತರೆ ಸರಪಳಿಗೆ ಗೊತ್ತೇ ಆಗುವುದಿಲ್ಲ. ತನ್ನ ತೂಕವೇ ಜಾಸ್ತಿ ಇದ್ದಾಗ ಆಕಾರ ಕದಲುವುದಿಲ್ಲ. ಕಲ್ಲಿನ ಸೇತುವೆಯೂ ಹಾಗೇ. ನಾನು ಕೂತಿದ್ದ ಕಮಾನಿನದು ಒಂದು ಅಂದಾಜು ಲೆಕ್ಕ ಹಾಕಿದೆ. ಹತ್ತು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಕಲ್ಲುಮಣ್ಣೆಲ್ಲ ಸೇರಿ ಸರಾಸರಿ ಎರಡು ಮೀಟರ್ ದಪ್ಪ. ಒಟ್ಟು 80 ಘನ ಮೀಟರ್. ಘನ ಮೀಟರಿಗೆ ಎರಡು ಟನ್ ಎಂದು ಹಿಡಿದರೂ 160 ಟನ್ ಆಯಿತು. 70 ಕಿಲೋ ತೂಗುವ ಮನುಷ್ಯ ಈ ಸರಪಳಿಯ ಮೇಲಿನ ಗುಬ್ಬಿ. ಎರಡು ಟನ್ ಹೇರಿದ ಗಾಡಿ ಎಂದರೂ ಅದು ಎಂಬತ್ತರಲ್ಲಿ ಒಂದು ಪಾಲು. ಎತ್ತಿನ ಗಾಡಿ, ಕುದುರೆ ಗಾಡಿಗಾಗಿ ಕಟ್ಟಿದ ಎಷ್ಟೋ ಸೇತುವೆಗಳ ಮೇಲೆ ಈಗ ಲಾರಿ ಓಡಾಡುತ್ತಿರುವುದರ ಗುಟ್ಟು ಇದು.

ಆ ತೂಕದಲ್ಲಿ ಬಹುಪಾಲು ನಮಗೆ ಕಾಣುವುದೇ ಇಲ್ಲ. ಎರಡು ಪಕ್ಕದ ಗೋಡೆಗಳ ನಡುವೆ, ಕಮಾನಿನ ಬೆನ್ನ ಮೇಲೆ, ಮಣ್ಣು, ಜಲ್ಲಿ, ಕಲ್ಲಿನ ಚೂರು ತುಂಬಿರುತ್ತಾರೆ. ಚಕ್ರದ ಭಾರವನ್ನು ಅದು ಹರಡಿ ಹರಡಿ ಕೆಳಕ್ಕೆ ಇಳಿಸುತ್ತದೆ. ಆದರೆ ಅದಕ್ಕೆ ನೀರು ಹೊಕ್ಕರೆ ತೊಂದರೆ. ನೆನೆದ ಮಣ್ಣು ಪಕ್ಕದ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಸೇತುವೆಯ ಪಕ್ಕದಲ್ಲಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಗೋಡೆ ಹೊಟ್ಟೆ ಬಿಟ್ಟಿದ್ದರೆ ಗೊತ್ತಾಗುತ್ತದೆ. ಸಂದಿನಲ್ಲಿ ಗಿಡ ಹುಟ್ಟಿದ್ದರೆ ಇನ್ನೂ ಕೆಟ್ಟದ್ದು.

ಗಾರೆಯ ವಿಷಯಕ್ಕೆ ಬರೋಣ. ಅಂಟಿಸುವುದು ಅದರ ಕೆಲಸವಲ್ಲ ಅಂದಮೇಲೆ ಅದು ಇರುವುದಾದರೂ ಯಾಕೆ? ಕಲ್ಲುಗಳು ಎಷ್ಟು ಚೆನ್ನಾಗಿ ಕಡೆದರೂ ಪೂರ್ತಿ ಸಮನಾಗಿರುವುದಿಲ್ಲ. ಏರುತಗ್ಗು ತುಂಬಿ, ಒತ್ತಡ ಒಂದೇ ಮೂಲೆಗೆ ಬೀಳದಂತೆ ನೋಡಿಕೊಳ್ಳುವ ಮೆತ್ತೆ ಅದು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ, ಮರಳು ಸೇರಿಸಿ ಸಂದಿಗೆ ತುಂಬುತ್ತಾರೆ. ಆಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಮಳೆನೀರು ಸಂದಿನಲ್ಲಿ ಇಳಿದಾಗ ಒಂದಿಷ್ಟು ಸುಣ್ಣ ಕರಗುತ್ತದೆ, ಇನ್ನೊಂದು ಕಡೆ ಸಣ್ಣ ಬಿರುಕಿನಲ್ಲಿ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಗಾಯ ತಾನೇ ಮಾಯ್ದ ಹಾಗೆ. ಕಮಾನಿನ ಕೆಳಗೆ ಬಿಳಿಯ ಕಲೆ, ಕೆಲವು ಕಡೆ ಗುಹೆಗಳಲ್ಲಿರುವಂತೆ ಪುಟ್ಟ ಬಿಳಿ ಕೊಳವೆಗಳು ಜೋತಾಡುವುದನ್ನು ನೋಡಿದ್ದೀರಾ? ಅದು ಕರಗಿ ಬಂದ ಸುಣ್ಣವೇ. ಸ್ವಲ್ಪ ಇದ್ದರೆ ಅಂದ. ತುಂಬಾ ಇದ್ದರೆ ಮೇಲಿನಿಂದ ನೀರು ಸೋರುತ್ತಿದೆ ಎಂದರ್ಥ.

ಹೀಗೆ ಸವೆದ ಗಾರೆಯನ್ನು ನೋಡಿ ಮರುಗಿ, ಅದರ ಜಾಗಕ್ಕೆ ಗಟ್ಟಿ ಸಿಮೆಂಟ್ ಮೆತ್ತುವವರಿದ್ದಾರೆ. ನಾನು ಹೋಗಿದ್ದ ಸೇತುವೆಯಲ್ಲೂ ಒಂದು ಪಕ್ಕಕ್ಕೆ ಯಾರೋ ಹಾಗೆ ಮಾಡಿದ್ದರು. ಅಚ್ಚುಕಟ್ಟಾದ ಬೂದು ಗೆರೆಗಳು. ಹತ್ತಿರ ಹೋಗಿ ನೋಡಿದರೆ ಸಿಮೆಂಟ್ ಹಾಗೇ ಇತ್ತು, ಅದರ ಆಚೀಚೆ ಕಲ್ಲಿನ ಅಂಚುಗಳೇ ಚಕ್ಕೆಚಕ್ಕೆಯಾಗಿ ಎದ್ದಿದ್ದವು. ಸುಣ್ಣದ ಗಾರೆಯ ಮೂಲಕ ನೀರಿನ ತೇವ ಹೊರಗೆ ಹೋಗುತ್ತದೆ. ಸಿಮೆಂಟ್ ಬಾಗಿಲು ಹಾಕಿಬಿಡುತ್ತದೆ. ಆಗ ತೇವ ಕಲ್ಲಿನ ಮೂಲಕವೇ ಹೊರಬರಬೇಕು. ಜೊತೆಗೆ ಬಂದ ಉಪ್ಪು ಕಲ್ಲಿನ ರಂಧ್ರಗಳಲ್ಲಿ ಹರಳುಗಟ್ಟಿ ಕಲ್ಲನ್ನು ಸಿಡಿಸುತ್ತದೆ. ಕಲ್ಲು ಉಳಿಯಬೇಕಾದರೆ ಗಾರೆ ಕಲ್ಲಿಗಿಂತ ಮೆತ್ತಗಿರಬೇಕು. ಸವೆಯುವುದು ಅದರ ಪಾಲಿನ ಕೆಲಸ.

ಇನ್ನು ಬಿರುಕು. ಆ ದಿನ ನೆತ್ತಿಯ ಹತ್ತಿರ, ಎರಡು ಕಲ್ಲುಗಳ ಸಂದು ಕೆಳಗಡೆ ಒಂದು ಎಳೆಯಷ್ಟು ಬಾಯಿ ಬಿಟ್ಟಿದ್ದು ಕಂಡು ನಾನು ಸ್ವಲ್ಪ ಆಚೆ ಸರಿದು ಕೂತೆ. ಸುಮ್ನೆ ಹೆದರಿದ್ದು ಎಂದು ಆಮೇಲೆ ತಿಳಿಯಿತು. ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ಒಂದು ದೊಡ್ಡ ಅಮೃತಶಿಲೆಯ ಕಂಬವನ್ನು ಮಲಗಿಸಿ, ಎರಡೂ ತುದಿಗೆ ಮರದ ತುಂಡು ಇಟ್ಟಿದ್ದರು. ನಡುವೆ ಮುರಿದೀತು ಎಂದು ಒಬ್ಬ ಜಾಣ ಅಲ್ಲೂ ಒಂದು ತುಂಡು ಇಡಿಸಿದ. ಕೆಲವು ತಿಂಗಳಾದ ಮೇಲೆ ನೋಡಿದರೆ ಕಂಬ ಮುರಿದಿತ್ತು, ಸರಿಯಾಗಿ ಆ ಹೊಸ ಆಸರೆಯ ಮೇಲೇ. ಒಂದು ತುದಿಯ ಮರ ಕೊಳೆತು ಕುಸಿದಿತ್ತು, ನಡುವಿನದು ಗಟ್ಟಿಯಾಗಿ ನಿಂತಿತ್ತು. ಆ ತುದಿಗೆ ಆಸರೆ ತಪ್ಪಿ ಕಂಬ ತನ್ನ ತೂಕಕ್ಕೆ ತಾನೇ ಮುರಿಯಿತು. ಒಂದೇ ತುಂಡಾದ ಗಟ್ಟಿ ಕಲ್ಲಿಗೆ ಹೊಂದಿಕೊಳ್ಳುವುದು ಗೊತ್ತಿಲ್ಲ.

ತುಂಡು ತುಂಡಾಗಿ ಜೋಡಿಸಿದ ಕಮಾನಿಗೆ ಗೊತ್ತು. ದಡ ಒಂದು ಬೆರಳು ಆಚೆ ಸರಿದರೆ ನೆತ್ತಿಯ ಸಂದು ಕೆಳಗೆ ಸ್ವಲ್ಪ ತೆರೆಯುತ್ತದೆ, ಎರಡು ಬುಡಗಳಲ್ಲಿ ಮೇಲೆ ಸ್ವಲ್ಪ ತೆರೆಯುತ್ತದೆ. ಮೂರು ಕಡೆ ಬಾಗಿಲಿನ ಕೀಲಿನ ಹಾಗಾಯಿತು. ಮೂರು ಕೀಲಿರುವ ಕಮಾನು ಭದ್ರವಾಗಿ ನಿಲ್ಲುತ್ತದೆ. ಬೀಳಬೇಕಾದರೆ ನಾಲ್ಕನೆಯ ಕೀಲು ಬೇಕು. ಈ ಮಾತನ್ನು ಲೆಕ್ಕದ ಸಮೇತ ಗಟ್ಟಿಯಾಗಿ ಪ್ರತಿಪಾದಿಸಿದವರು ಜಾಕ್ ಹೇಮನ್ ಎಂಬ ಇಂಗ್ಲಿಷ್ ಎಂಜಿನಿಯರ್, 1966ರಲ್ಲಿ. ಕಲ್ಲಿನ ಕಟ್ಟಡದಲ್ಲಿ ಕಲ್ಲು ನಜ್ಜಾಗುವ ಚಿಂತೆ ಬಿಡಿ, ಆಕಾರವನ್ನು ನೋಡಿ ಎಂಬುದು ಅವರ ವಾದ. ಹಾಗೆ ನೋಡಿದರೆ ಬಿಸಿಲು ಏರಿದಾಗ ಕಮಾನಿನ ನೆತ್ತಿ ಕೂದಲೆಳೆಯಷ್ಟು ಏಳುತ್ತದೆ, ಚಳಿಗೆ ಇಳಿಯುತ್ತದೆ. 20 ಮೀಟರಿನ ಗ್ರಾನೈಟ್ 20 ಡಿಗ್ರಿ ಬಿಸಿಯಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಆ ಹಿಗ್ಗುಕುಗ್ಗಿಗೆ ಜಾಗ ಕೊಡುವುದೂ ಇವೇ ಸಂದುಗಳು. ಎಲ್ಲ ಬಿರುಕೂ ನಿರುಪದ್ರವಿ ಅಂತಲ್ಲ. ಕಂಬದ ಮೇಲೆ ಓರೆಯಾಗಿ ಏರುವ ಹೊಸ ಬಿರುಕು ಕಂಡರೆ ಗಾಬರಿಯಾಗಬೇಕು. ಅದರ ಕಾರಣ ಸಾಮಾನ್ಯವಾಗಿ ಮೇಲೆ ಇರುವುದಿಲ್ಲ, ನೀರೊಳಗೆ ಇರುತ್ತದೆ.

ಕಲ್ಲಿನ ಸೇತುವೆಗಳು ಹೆಚ್ಚಾಗಿ ಸಾಯುವುದು ಕಾಲಿನಿಂದ. ಮೇಲಿನ ಭಾರಕ್ಕೆ ಬಿದ್ದವು ಕಡಿಮೆ, ಬುಡ ಕೊರೆದು ಬಿದ್ದವು ಜಾಸ್ತಿ. ಹರಿಯುವ ನೀರಿಗೆ ಕಂಬ ಅಡ್ಡ ಬಂದಾಗ, ಎದುರಿನಿಂದ ಬಂದ ನೀರು ಕಂಬಕ್ಕೆ ಬಡಿದು ಕೆಳಕ್ಕೆ ಧುಮುಕುತ್ತದೆ. ಬುಡದಲ್ಲಿ ಸುಳಿಯಾಗಿ ತಿರುಗಿ, ಕಂಬದ ಎರಡೂ ಪಕ್ಕ ಕುದುರೆ ಲಾಳದ ಹಾಗೆ ಸುತ್ತಿಕೊಂಡು, ಮರಳನ್ನು ತೋಡಿ ಒಯ್ಯುತ್ತದೆ. ನೀರಿನ ಈ ಶಕ್ತಿ ವೇಗದ ಜೊತೆ ಏರುವ ಪರಿ ನಂಬಲಾಗದಂಥದ್ದು. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ. ನಿನ್ನೆ ಬೆಣಚುಕಲ್ಲು ಹೊರಳಿಸುತ್ತಿದ್ದ ಹೊಳೆ ನೆರೆಯ ದಿನ ಬಂಡೆ ಹೊರಳಿಸುವುದು ಇದಕ್ಕೇ.

ಕಂಬಕ್ಕೆ ನೀರು ಬಂದು ಬಡಿಯುವ ಮಗ್ಗುಲು ದೋಣಿಯ ಮೂತಿಯ ಹಾಗೆ ಚೂಪಾಗಿರುವುದು ನೀರನ್ನು ಸೀಳಿ ಈ ಸುಳಿಯನ್ನು ಕಡಿಮೆ ಮಾಡಲು. ಎಷ್ಟೋ ಸೇತುವೆಗಳಲ್ಲಿ ಆ ಮೂತಿಯನ್ನು ರಸ್ತೆಯವರೆಗೂ ಎತ್ತಿ, ಮೇಲೆ ಮೂಲೆಯಂಥ ಜಾಗ ಬಿಟ್ಟಿರುತ್ತಾರೆ. ಗಾಡಿ ಬಂದಾಗ ನಡೆದು ಹೋಗುವವರು ಅಲ್ಲಿ ಸರಿದು ನಿಲ್ಲಬಹುದು. ಫೋಟೊ ತೆಗೆಯುವವರು ಈಗ ನಿಲ್ಲುವುದೂ ಅಲ್ಲೇ.

ಕಂಬ ದಪ್ಪಗಿದ್ದರೆ ಗಟ್ಟಿ, ಆದರೆ ನೀರಿನ ದಾರಿ ಕಿರಿದು. ದಾರಿ ಕಿರಿದಾದರೆ ವೇಗ ಏರುತ್ತದೆ, ಬುಡ ಬೇಗ ಕೊರೆಯುತ್ತದೆ. 1209ರಲ್ಲಿ ಮುಗಿದ ಹಳೆಯ ಲಂಡನ್ ಸೇತುವೆಗೆ 19 ಕಮಾನುಗಳಿದ್ದವು. ಕಂಬಗಳು ಎಷ್ಟು ದಪ್ಪ ಎಂದರೆ ಸೇತುವೆಯೇ ಅರ್ಧ ಅಣೆಕಟ್ಟು. ಸಮುದ್ರದ ಇಳಿತದ ಹೊತ್ತಿನಲ್ಲಿ ಮೇಲಿನ ನೀರಿಗೂ ಕೆಳಗಿನ ನೀರಿಗೂ ಸುಮಾರು 6 ಅಡಿಯಷ್ಟು ಅಂತರ ಬೀಳುತ್ತಿತ್ತು. ಅದರಲ್ಲಿ ದೋಣಿ ಹಾಯಿಸಿದವರು ಸತ್ತದ್ದೂ ಉಂಟು. ಈ ದಪ್ಪಕ್ಕೆ ಕತ್ತರಿ ಹಾಕಿದವನು ಫ್ರಾನ್ಸಿನ ಪೆರೋನೆ. ಪ್ಯಾರಿಸ್ ಬಳಿಯ ನ್ಯೂಯಿ ಸೇತುವೆಯಲ್ಲಿ 39 ಮೀಟರಿನ ಐದು ಕಮಾನುಗಳಿಗೆ ಸುಮಾರು 4.2 ಮೀಟರಿನ ಕಂಬಗಳನ್ನು ನಿಲ್ಲಿಸಿದ. ಅದಕ್ಕೂ ಮೊದಲಿನವರು ಕಂಬಕ್ಕೆ ಕಮಾನಿನ ಐದರಲ್ಲಿ ಒಂದು ಪಾಲು ದಪ್ಪ ಕೊಡುತ್ತಿದ್ದರು. 1772ರಲ್ಲಿ ರಾಜ ಹದಿನೈದನೆಯ ಲೂಯಿಯ ಎದುರಿಗೇ ಸೆಂಟ್ರಿಂಗ್ ಬಿಚ್ಚಿದರು. ಸೇತುವೆ ನಿಂತಿತು. ಇದರ ಹಿಂದಿನ ಯೋಚನೆ ಚೆಂದದ್ದು: ಒಂದು ಕಮಾನು ಕಂಬವನ್ನು ಈ ಕಡೆ ನೂಕಿದರೆ, ಪಕ್ಕದ ಕಮಾನು ಅಷ್ಟೇ ಬಲದಿಂದ ಆ ಕಡೆ ನೂಕುತ್ತದೆ. ಕಂಬ ತೂಕ ಹೊತ್ತರೆ ಸಾಕು, ದಪ್ಪ ಯಾಕೆ ಬೇಕು? ಅಪಾಯವೂ ಅಲ್ಲೇ ಇದೆ. ಒಂದು ಕಮಾನು ಬಿದ್ದರೆ ಪಕ್ಕದ್ದಕ್ಕೆ ಎದುರು ನೂಕುವವರಿಲ್ಲ. ಸಾಲಾಗಿ ನಿಲ್ಲಿಸಿದ ಇಸ್ಪೀಟೆಲೆಗಳ ಹಾಗೆ ಒಂದಾದ ಮೇಲೊಂದು ಬೀಳುತ್ತವೆ.

ಬುಡದ ಇನ್ನೊಂದು ಗುಟ್ಟು ಮರ. ಎಷ್ಟೋ ಹಳೆಯ ಸೇತುವೆಗಳು ಹೊಳೆಯ ತಳಕ್ಕೆ ಹೊಡೆದ ಮರದ ಗೂಟಗಳ ಮೇಲೆ ನಿಂತಿವೆ. ನೀರೊಳಗೆ ಮರ ಕೊಳೆಯುವುದಿಲ್ಲವೇ? ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ಆಮ್ಲಜನಕ ಬೇಕು. ಸದಾ ನೀರು ಕುಡಿದ ಕೆಸರಿನಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ನೂರಾರು ವರ್ಷ ಗೂಟ ಗಟ್ಟಿಯಾಗಿ ಉಳಿಯುತ್ತದೆ. ಹೊಳೆಯ ಮಟ್ಟ ಇಳಿದು, ಗೂಟದ ತಲೆ ಗಾಳಿಗೆ ತೆರೆದುಕೊಂಡರೆ ಮುಗಿಯಿತು. ನದಿಯಿಂದ ಮರಳೆತ್ತಿ ತಳವನ್ನು ಇಳಿಸುವವರು ಸೇತುವೆಯನ್ನು ಮುಟ್ಟದೆಯೇ ಬೀಳಿಸಬಲ್ಲರು.

ಕೊರೆತದ ಕೆಟ್ಟ ಗುಣ ಏನೆಂದರೆ ಅದು ತನ್ನ ಗುರುತು ಉಳಿಸುವುದಿಲ್ಲ. ನೆರೆ ಏರಿದಾಗ ಗುಂಡಿ ತೋಡುತ್ತದೆ. ಇಳಿಯುವಾಗ ನಿಧಾನವಾದ ನೀರು ತಂದ ಮರಳನ್ನು ಅದೇ ಗುಂಡಿಗೆ ಸುರಿದು ಸಮ ಮಾಡಿ ಹೋಗುತ್ತದೆ. ನೀರು ತಿಳಿಯಾದ ಮೇಲೆ ಬಂದು ನೋಡುವವರಿಗೆ ತಳ ಮೊದಲಿನಂತೆಯೇ ಕಾಣುತ್ತದೆ.

ಇದನ್ನು ಓದಿ ತಿಳಿದ ಮೇಲೆ ಅದೇ ಸೇತುವೆಗೆ ಮತ್ತೆ ಹೋದೆ. ಮಳೆಗಾಲ ಮುಗಿದಿತ್ತು. ಹೊಳೆ ಮೊಣಕಾಲಿನಷ್ಟು, ಸೆಳೆತವಿಲ್ಲ. ಸೆಳೆತ ಇದ್ದಿದ್ದರೆ ಇಳಿಯುತ್ತಿರಲಿಲ್ಲ, ನೀವೂ ಇಳಿಯಬೇಡಿ. ಕಮಾನಿನ ಒಳಗೆ, ನನ್ನ ತಲೆಗಿಂತ ಎತ್ತರದ ಸಂದಿನಲ್ಲಿ ಒಣ ಹುಲ್ಲು, ಕಡ್ಡಿ ಸಿಕ್ಕಿಕೊಂಡಿತ್ತು. ಅಲ್ಲಿಯವರೆಗೂ ನೀರು ಬಂದು ಹೋಗಿತ್ತು. ಕೈಯಲ್ಲಿ ಒಂದು ಉದ್ದದ ಕೋಲಿತ್ತು. ಎರಡು ಕಂಬಗಳ ನಡುವೆ ಊರಿದೆ. ಟಕ್ ಎಂದು ಜಲ್ಲಿಗೆ ತಾಗಿ ನಿಂತಿತು. ಕಂಬದ ಚೂಪು ಮೂತಿಯ ಬುಡಕ್ಕೆ ಬಂದು ಊರಿದೆ. ಅಲ್ಲೂ ನೀರಿನ ಆಳ ಅಷ್ಟೇ, ತಳವೂ ಅಷ್ಟೇ ಸಮ. ಆದರೆ ಕೋಲು ನಿಲ್ಲಲಿಲ್ಲ. ಸ್ವಲ್ಪ ಒತ್ತಿದೆ. ಮೆತ್ತನೆಯ ಹೊಸ ಮರಳಿನಲ್ಲಿ ಅದು ಒಂದು ಮೊಳ ಸದ್ದಿಲ್ಲದೆ ಇಳಿಯಿತು.